ಖಾಲಿ ಕರಡಿಗೆ

ಬಟ್ಟೆಯನ್ನು ಮೊದಲು ಕಂಡವಳು ಹೂ ಮಾರುವ ಹೊನ್ನಕ್ಕ.

ಸಾವಿರದ ಒಂಬೈನೂರ ಐವತ್ತೆಂಟರ ಆಷಾಢ, ಅಮಾವಾಸ್ಯೆಯ ಬೆಳಗು. ಹರಿಹರದ ಹೊಳೆ ಒಂದೊಂದೇ ಮೆಟ್ಟಿಲು ನುಂಗುತ್ತಾ ಮೇಲೆ ಬಂದಿತ್ತು. ನೀರಿಗೆ ಸಿಗದೆ ಉಳಿದದ್ದು ಏಳೇ ಮೆಟ್ಟಿಲು. ಮೇಲಿನಿಂದ ಮೂರನೆಯದರ ಮೇಲೆ ಒಂದು ಧೋತರ, ಒಂದು ಅಂಗಿ, ಒಂದು ಕರಿ ಟೋಪಿ, ಎಲ್ಲವೂ ಅಚ್ಚುಕಟ್ಟಾಗಿ ಮಡಿಸಿಟ್ಟದ್ದು. ಅದರ ಮೇಲೆ ಬೆಳ್ಳಿಯ ಕರಡಿಗೆ – ಲಿಂಗವಂತರು ಇಷ್ಟಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಭರಣಿ. ಮಳೆ ಸುರಿಯುತ್ತಿತ್ತು. ಬಟ್ಟೆಯ ಒಡೆಯ ಮಾತ್ರ ಎಲ್ಲೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗುರುತು ಹತ್ತಿತು. ದಾವಣಗೆರೆಯ ಜವಳಿ ವ್ಯಾಪಾರಿ ವಾಮದೇವಪ್ಪನವರ ತಮ್ಮ ಶಿವಮೂರ್ತಪ್ಪ. ಮೂವತ್ತನಾಲ್ಕು ವರ್ಷ, ಮನೆಯಲ್ಲಿ ಹೆಂಡತಿ, ಮೂರು ವರ್ಷದ ಹೆಣ್ಣು ಕೂಸು. ಅಮಾವಾಸ್ಯೆಯ ಹೊಳೆಸ್ನಾನಕ್ಕೆಂದು ಹಿಂದಿನ ದಿನವೇ ಬಂದಿದ್ದ. ಸಂಜೆಯೊಳಗೆ ಅವನ ಕೊಡೆಯೂ ಸಿಕ್ಕಿತು – ಹರಿಗೋಲು ಹಾಕುವ ಮೈಲಪ್ಪನ ಗುಡಿಸಲಲ್ಲಿ. ಕರಡಿಗೆ ಬಿಚ್ಚಿ ನೋಡಿದರೆ ಒಳಗೆ ಲಿಂಗವಿಲ್ಲ.

ಹೊಳೆದಂಡೆಯ ಔಟ್‌ಪೋಸ್ಟಿನ ಜಮಾದಾರರಿಗೆ ಇಷ್ಟು ಸಾಕಾಯಿತು. ಅವರ ಲೆಕ್ಕದಲ್ಲಿ, ಬೆಳ್ಳಿಯ ಆಸೆಗೆ ಮೈಲಪ್ಪ ಅವನನ್ನು ನೀರಿಗೆ ನೂಕಿದ. ಕರಡಿಗೆ ಬಿಚ್ಚುವಾಗ ಯಾರೋ ಬಂದ ಸದ್ದಾಗಿ ಲಿಂಗ ಹೊಳೆಗೆ ಬಿತ್ತು. ಗಾಬರಿಯಲ್ಲಿ ಕೊಡೆಯಷ್ಟೇ ಹೊತ್ತು ಓಡಿದ. ಮೈಲಪ್ಪ ಲಾಕಪ್ಪಿಗೆ ಬಿದ್ದ. ಎರಡು ವಾರದೊಳಗೆ ಕೇಸು ಕೋರ್ಟಿಗೆ. ಕೊಲೆಯ ಕೇಸು ಎಂದರೆ ಕೊನೆಗೆ ಹಗ್ಗವೇ ಎಂಬುದು ಹರಿಗೋಲಿನವನಿಗೂ ಗೊತ್ತಿತ್ತು.

ಒಂಬತ್ತನೆಯ ದಿನ ಕಾಗದಪತ್ರ ನೋಡಿ ವರದಿ ಬರೆಯಲು ದಾವಣಗೆರೆಯಿಂದ ದಫೇದಾರ ಬಕ್ಕೇಶಪ್ಪ ಬಂದ. ಪಿಂಚಣಿಗೆ ಎರಡು ವರ್ಷ ಉಳಿದಿತ್ತು. ಮಳೆ ಹಿಡಿದರೆ ಅವನ ಬಲಮೊಣಕಾಲು ಹಿಡಿಯುತ್ತಿತ್ತು. ಮೊಣಕಾಲು ಹಿಡಿದರೆ ಸಿಟ್ಟು ಹಿಡಿಯುತ್ತಿತ್ತು. ಆ ದಿನ ಮೂರೂ ಕೂಡಿ ಬಂದಿದ್ದವು.

ಔಟ್‌ಪೋಸ್ಟಿನ ಜಗಲಿಯ ಮೇಲೆ ಒಬ್ಬ ಹೆಂಗಸು ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಯಾರಮ್ಮ ನೀನು?"

"ಮೈಲಪ್ಪನ ಹೆಂಡ್ತಿ ರೀ, ದುರುಗವ್ವ. ಹೊಳೆ ತುಂಬಿದ್ರೆ ನಮಗೆ ದುಡಿಮೆ ಇಲ್ಲ ಸಾಹೇಬ್ರೆ. ಇಳಿದ ಮ್ಯಾಲೆ ಈ ಸಲ ಹುಟ್ಟು ಹಾಕೋನೂ ಇರಾಂಗಿಲ್ಲ ಅಂತಾರೆ. ಹೌದೇನ್ರಿ?"

ಬಕ್ಕೇಶಪ್ಪ ಒಳಗೆ ಹೋಗಿ ಮೈಲಪ್ಪನ ಎದುರು ಕೂತ.

"ಕೊಡೆ ನಿನ್ನ ಗುಡಿಸಲಿಗೆ ಹೆಂಗೆ ಬಂತು?"

"ಅವ್ರೇ ಕೊಟ್ರು ಸಾಹೇಬ್ರೆ. ಎಲ್ರಿಗೂ ಹೇಳೀನಿ, ಯಾರೂ ನಂಬವಲ್ರು."

"ಜಡಿಮಳ್ಯಾಗೆ ಯಾರಾದ್ರೂ ಕೊಡೆ ದಾನ ಮಾಡ್ತಾರೇನೋ?"

"ನಾನೂ ಅದೇ ಕೇಳ್ದೆ ರೀ. ನನಗೆ ಕಂಬಳಿ ಐತೆ, ನೀ ಇಟ್ಕೋ ಅಂದ್ರು."

"ನಿನ್ನ ಕೈಗೆ ಕೊಟ್ರಾ?"

ಮೈಲಪ್ಪ ತಲೆಯೆತ್ತಿ ನೋಡಿದ. ಒಂಬತ್ತು ದಿನದಲ್ಲಿ ಹೊಡೆತ ಬಿದ್ದಿದ್ದವು, ಬೈಗುಳ ಬಿದ್ದಿದ್ದವು; ಈ ಪ್ರಶ್ನೆ ಯಾರಿಂದಲೂ ಬಂದಿರಲಿಲ್ಲ.

"ಇಲ್ರಿ. ಮೆಟ್ಲ ಮ್ಯಾಲಿಟ್ಟು ನಾಕು ಹೆಜ್ಜೆ ಹಿಂದಕ್ಕೆ ಸರಿದ್ರು. ಹಿಡಿ ತೊಳ್ಕಂಡು ಹಿಡ್ಕೋ ಮೈಲಪ್ಪ ಅಂದ್ರು."

"ತೊಳ್ಕೊಂಡು?"

"ಹೂನ್ರಿ. ಯಾಕ ಅಂದೆ. ಮಾತಾಡ್ಲಿಲ್ಲ. ನಾ ಹರಿಗೋಲು ಕೆಳಗಿನ ಕಟ್ಟೆಗೆ ಕಟ್ಟಾಕೆ ಹೋದೆ. ತಿರುಗಿ ನೋಡಿದಾಗ ಅಲ್ಲೇ ನಿಂತಿದ್ರು, ಹೊಳೆ ನೋಡ್ಕಂತ."

ಬಕ್ಕೇಶಪ್ಪ ಪೇದೆ ಕರೀಂ ಸಾಬನ ಕೈಯಿಂದ ಕರಡಿಗೆ ತರಿಸಿಕೊಂಡ. ಹಳೆಯ ಕೆಲಸ, ಗಟ್ಟಿ ಬೆಳ್ಳಿ. ಶಿವದಾರ ಹರಿದಿಲ್ಲ, ಗಂಟೂ ಸಡಿಲಾಗಿಲ್ಲ. ಮುಚ್ಚಳ ತೆಗೆದರೆ ವಿಭೂತಿಯ ವಾಸನೆ ಇನ್ನೂ ಇತ್ತು. ಲಿಂಗಕ್ಕೆ ಸುತ್ತುವ ಬಟ್ಟೆಯ ತುಂಡೂ ಇರಲಿಲ್ಲ.

"ಒಳಗಿಂದು ಎಲ್ಲಿ ಕರೀಂ ಸಾಬ್?"

"ಹೊಳೆಪಾಲು ಅಂತ ಪಂಚನಾಮೆಯಾಗೆ ಬರ್ದಾರ್ರಿ."

"ಕಂಡೋರು ಯಾರು?"

"ಕಂಡೋರು ಯಾರೂ ಇಲ್ರಿ."

ಮರುದಿನ ಬೆಳಿಗ್ಗೆ ಛತ್ರದ ಬಚ್ಚಲಲ್ಲಿ ಬಕ್ಕೇಶಪ್ಪ ಸ್ನಾನಕ್ಕೆ ನಿಂತ. ಮೊದಲ ಚೊಂಬು ನೀರು ಮೈಮೇಲೆ ಬಿದ್ದಾಗ ಅವನ ಎಡಗೈ ತಾನಾಗಿಯೇ ಎದೆಯ ಮೇಲಿನ ಕರಡಿಗೆಯ ಮೇಲೆ ಹೋಯಿತು. ಐವತ್ತು ವರ್ಷದ ಅಭ್ಯಾಸ. ಎರಡನೆಯ ಚೊಂಬು ಎತ್ತಿದವನು ಹಾಗೆಯೇ ನಿಂತುಬಿಟ್ಟ. ಆ ದಿನ ಛತ್ರದವನು ತಂದಿಟ್ಟ ಕಾಫಿ ಆರಿ ತಣ್ಣಗಾಯಿತು.

ದಾವಣಗೆರೆಯ ಬಸ್ಸು ಹತ್ತಿ ವಾಮದೇವಪ್ಪನವರ ಮನೆಗೆ ಹೋದಾಗ ಪಡಸಾಲೆಯಲ್ಲಿ ಅಡುಗೆಯವರೊಂದಿಗೆ ಮಾತು ನಡೆದಿತ್ತು. ಇನ್ನು ಮೂರು ದಿನಕ್ಕೆ ತಮ್ಮನ ಹೆಸರಿನಲ್ಲಿ ಗಣಾರಾಧನೆ, ಜಂಗಮರಿಗೆ ಊಟ. ಅಂದೇ ಅವನ ಹೆಂಡತಿಯ ತಾಳಿ, ಬಳೆ ತೆಗೆಸುವುದು.

"ಬರ್ರಿ, ಕೂಡ್ರಿ," ಎಂದರು ವಾಮದೇವಪ್ಪ. ಕಣ್ಣು ಕೆಂಪಾಗಿದ್ದವು. ಅದು ನಟನೆಯಲ್ಲ ಎಂದು ಬಕ್ಕೇಶಪ್ಪನಿಗೆ ಒಂದೇ ನೋಟಕ್ಕೆ ತಿಳಿಯಿತು.

"ಹೆಣ ಸಿಗದೆ ಕಾರ್ಯ ಮಾಡ್ತೀರಾ ಯಜಮಾನ್ರೇ?"

"ಈ ಹೊಳಿ ಕೊಡಂಗಿಲ್ಲ ಬಿಡ್ರಿ. ಎಷ್ಟು ದಿನ ಅಂತ ಕಾಯೋದು?"

"ಮೈಲಪ್ಪನೇ ಮಾಡಿದ್ದು ಅಂತೀರಾ?"

ವಾಮದೇವಪ್ಪ ಅಡುಗೆಯವರನ್ನು ಕೈಸನ್ನೆಯಿಂದ ಕಳಿಸಿದರು. "ಕೊಡೆ ನಮ್ಮ ತಮ್ಮಂದೇ. ಅಷ್ಟೇ ನಾ ಹೇಳಿದ್ದು."

"ಮನ್ಯಾಗೆ ಮಗಳ ಲಗ್ನ ಗೊತ್ತಾಗೇತಂತೆ?"

"ಚಿತ್ರದುರ್ಗದ ಕಡೆ ಸಂಬಂಧ. ಕಾರ್ತಿಕದಾಗೆ."

ಒಳಮನೆಯ ಬಾಗಿಲ ಮರೆಯಲ್ಲಿ ಶಿವಮೂರ್ತಪ್ಪನ ಹೆಂಡತಿ ಸರ್ವಮಂಗಳಮ್ಮ ನಿಂತಿದ್ದಳು. ಇಪ್ಪತ್ತಾರು ವರ್ಷವಿದ್ದೀತು. ಭಾವನವರು ಹೊರಗೆದ್ದು ಹೋದ ಮೇಲೆ ಬಕ್ಕೇಶಪ್ಪ ಧ್ವನಿ ತಗ್ಗಿಸಿದ.

"ತಾಯಿ, ಕೇಳಬಾರದ್ದು ಕೇಳ್ತೀನಿ. ನಿಮ್ಮ ಯಜಮಾನ್ರು ನಿಮ್ಮ ಜೋಡಿ ಚಲೋ ಇದ್ರಾ?"

ಅವಳು ಅಳಲಿಲ್ಲ. ಅಳು ಮುಗಿದುಹೋದವರಂತೆ ಹೇಳಿದಳು.

"ಆರು ತಿಂಗಳಾತು ರೀ. ಉಣ್ಣಾಕೆ ತಟ್ಟೆ ಬ್ಯಾರೆ ಮಾಡ್ಕೊಂಡ್ರು. ತಾವೇ ತೊಳ್ಕೋತಿದ್ರು. ಮಲಗೋದು ಜಗಲಿ ಮ್ಯಾಲೆ. ಕೂಸು ಓಡಿ ಬಂದ್ರೆ ಎದ್ದು ಹೋಗಿಬಿಡ್ತಿದ್ರು. ಬ್ಯಾರೆ ಯಾರನ್ನೋ ಇಟ್ಟಾರೆ ಅಂತ ಅಂದ್ಕೊಂಡೆ. ಒಂದಿನ ಕೇಳೇಬಿಟ್ಟೆ ರೀ. ಅದ್ಕೂ ಸುಮ್ನಿದ್ರು."

"ಮೈಯಾಗೆ ಏನಾದ್ರೂ?"

"ಯುಗಾದಿ ಮುಂದೆ ದೀಪದ ಕುಡಿ ತಾಗಿ ಮೊಣಕೈ ಹತ್ರ ಬೊಬ್ಬೆ ಎದ್ದಿತ್ತು. ಸುಟ್ಟದ್ದೇ ಗೊತ್ತಾಗ್ಲಿಲ್ಲ ಅಂದ್ರು. ಆಮ್ಯಾಲೆ ಎಂಥ ಸೆಕೆ ಇದ್ರೂ ತುಂಬುತೋಳಿನ ಅಂಗಿ."

ಬಕ್ಕೇಶಪ್ಪ ಎದ್ದು ನಿಂತ. ಮೊಣಕಾಲು ನೋಯುತ್ತಿತ್ತು, ಅದಕ್ಕಿಂತ ಬೇರೆಯದೇನೋ ಹೆಚ್ಚು ನೋಯತೊಡಗಿತ್ತು.

"ಮೂರು ದಿನ ತಡ್ಕೊಳ್ಳಿ ತಾಯಿ. ನಾ ಬರೋತನಕ ಯಾರಿಗೂ ಬಳೆ ಮುಟ್ಟಾಕೆ ಬಿಡಬ್ಯಾಡಿ."

ಮರುದಿನ ಅವನು ಹತ್ತಿದ್ದು ಮಲೆಬೆನ್ನೂರಿನ ಬಸ್ಸು. ಅಲ್ಲಿಂದ ಗಾಡಿ, ಗಾಡಿ ಹೂತಲ್ಲಿಂದ ಕಾಲ್ನಡಿಗೆ. ಹತ್ತು ದಿನದಿಂದ ಎಲ್ಲರೂ ಹೊಳೆ ಹರಿದು ಹೋಗುವ ಕಡೆ ಹುಡುಕಿದ್ದರು. ಅವನು ಹೊಳೆ ಬರುವ ಕಡೆ ನಡೆದ.

ಮೂರನೆಯ ದಿನ ಬೆಳಿಗ್ಗೆ, ಗಣಾರಾಧನೆಗೆ ಜಂಗಮರು ಬರುವ ಮುಂಚೆ, ಬಕ್ಕೇಶಪ್ಪ ವಾಮದೇವಪ್ಪನವರ ಪಡಸಾಲೆಯಲ್ಲಿ ಕೂತಿದ್ದ. ಕಾಲಿಗೆ ಮೊಣಕಾಲುದ್ದ ಕೆಸರು. ಬಾಗಿಲಲ್ಲಿ ಸರ್ವಮಂಗಳಮ್ಮ. ಅವನು ಖಾಲಿ ಕರಡಿಗೆಯನ್ನು ಚಾಪೆಯ ಮೇಲಿಟ್ಟ.

"ಯಜಮಾನ್ರೇ, ನೀವು ಸ್ನಾನ ಮಾಡುವಾಗ ಕರಡಿಗೆ ಬಿಚ್ಚಿಡ್ತೀರಾ?"

"ಎಂಥಾ ಮಾತು ಆಡ್ತೀರಿ. ಯಾರಾದ್ರೂ ಬಿಚ್ಚಿಡ್ತಾರಾ?"

"ಇಲ್ಲ. ನಾನೂ ಬಿಚ್ಚಿಡಂಗಿಲ್ಲ. ಹಂಗಾರೆ ಹೊಳೆಗೆ ಇಳಿದೋನ ಕರಡಿಗೆ ಬಟ್ಟೆ ಮ್ಯಾಲೆ ಯಾಕಿತ್ತು?"

ವಾಮದೇವಪ್ಪ ಕರಡಿಗೆಯಿಂದ ಕಣ್ಣು ಕಿತ್ತು ಬಾಗಿಲ ಕಡೆ ನೋಡಿದರು.

"ಮೈಲಪ್ಪ ಕಿತ್ಕೊಂಡ ಅನ್ನೋಣ. ಕಳ್ಳ ಏನು ಒಯ್ತಾನೆ? ಬೆಳ್ಳಿ ಒಯ್ತಾನೆ, ಒಳಗಿನ ಲಿಂಗ ಬಿಟ್ಟು ಹೋಗ್ತಾನೆ. ಇಲ್ಲಿ ಬೆಳ್ಳಿ ಉಳಿದೈತೆ, ಲಿಂಗ ಹೋಗೈತೆ, ಅದಕ್ಕೆ ಸುತ್ತೋ ಬಟ್ಟೆ ಸಮೇತ. ಬೆಳ್ಳಿ ಬಿಟ್ಟು ಲಿಂಗ ಒಯ್ಯೋನು ಈ ಭೂಮಿ ಮ್ಯಾಲೆ ಒಬ್ನೇ – ಅದು ಯಾರ ಕೊರಳಾಗಿತ್ತೋ ಅವನು. ಸತ್ತೆ ಅಂತ ಊರನ್ನು ನಂಬಿಸಾಕೆ ಬಟ್ಟೆ ಬಿಟ್ಟ, ಟೋಪಿ ಬಿಟ್ಟ, ಬೆಳ್ಳಿ ಬಿಟ್ಟ. ಲಿಂಗ ಬಿಡಾಕೆ ಕೈ ಬರಲಿಲ್ಲ."

ಬಾಗಿಲ ಕಡೆ ಬಳೆಯ ಸದ್ದಾಯಿತು.

"ಬದುಕ್ಯಾರಾ?" ಎಂದಳು ಸರ್ವಮಂಗಳಮ್ಮ. ಬಹಳ ಮೆಲ್ಲಗೆ.

"ಅದಾರೆ ತಾಯಿ. ಉಕ್ಕಡಗಾತ್ರಿಯಾಗೆ, ಹೊಳೆದಂಡೆ ಮ್ಯಾಲಿನ ಗದ್ದುಗೆ ಹತ್ರ. ಅಮಾವಾಸ್ಯೆ ದಿನ ಆ ಕಡೆ ಹೋಗೋ ಬಸ್ಸುಗಳಾಗೆ ಕಾಲಿಡಾಕೆ ಜಾಗ ಇರಂಗಿಲ್ಲ. ಕಂಬಳಿ ಹೊದ್ದ ಇನ್ನೊಬ್ಬನ್ನ ಯಾರು ನೋಡ್ತಾರೆ? ಕಾಯಿಲೆಯೋರು, ದಿಕ್ಕಿಲ್ಲದೋರು ಅಲ್ಲಿ ಬಂದು ಬೀಳ್ತಾರೆ, ಯಾರೂ ಹೆಸರು ಕೇಳಂಗಿಲ್ಲ. ಹೊಳೆ ಕಡೆ ಮುಖ ಮಾಡಿ ಕೂತಿದ್ರು. ಶಿವಮೂರ್ತಪ್ಪನೋರೇ ಅಂದೆ. ತಿರುಗಲಿಲ್ಲ, ಆದ್ರೆ ಎಡಗೈ ಎದೆಗೆ ಹೋತು. ಬಟ್ಟೆಯಾಗೆ ಕಟ್ಟಿ ಕೊರಳಿಗೆ ಹಾಕ್ಕೊಂಡಿದ್ರು."

"ಏನು ಕಾಯಿಲೆ?" ಅವಳು ಕೇಳಿದ್ದು ದಫೇದಾರನನ್ನಲ್ಲ. ಭಾವನವರನ್ನು ನೋಡುತ್ತಿದ್ದಳು.

"ದೊಡ್ಡರೋಗ," ಎಂದರು ವಾಮದೇವಪ್ಪ.

ಕುಷ್ಠ ಎನ್ನಲು ಅವರಿಗೆ ನಾಲಿಗೆ ಬರಲಿಲ್ಲ. ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು.

"ನಿಮಗೆ ಮೊದ್ಲೇ ಗೊತ್ತಿತ್ತು," ಎಂದ ಬಕ್ಕೇಶಪ್ಪ. "ಇಂಥ ಮನ್ಯಾಗೆ ಹೆಣ ಸಿಗದಿದ್ರೆ ಲಿಂಗಾನಾದ್ರೂ ಸಿಕ್ತಾ ಅಂತ ಮೊದ್ಲು ಕೇಳ್ತಾರೆ. ನೀವು ಒಮ್ಮೆಯೂ ಕೇಳಲಿಲ್ಲ. ಅದು ಎಲ್ಲೈತೆ ಅಂತ ಗೊತ್ತಿದ್ದೋರು ಕೇಳಂಗಿಲ್ಲ."

"ಹೋಗು ಅಂದೆ ರೀ," ವಾಮದೇವಪ್ಪನವರ ಧ್ವನಿ ಒಡೆಯಿತು. "ಮಗಳ ಲಗ್ನ ಮುರೀತೈತೆ, ನಿನ್ನ ಕೂಸಿಗೂ ನಾಳೆ ಯಾರೂ ಕೇಳಾಂಗಿಲ್ಲ, ಸರ್ವಮಂಗಳಾನ್ನ ಹೊಟ್ಟೇಲಿ ಹುಟ್ಟಿದ ಮಗಳಂಗೆ ನೋಡ್ಕೋತೀನಿ ಅಂದೆ. ಅವನೇ ಬಟ್ಟೆ ಬಿಡ್ತೀನಿ ಅಂದ. ಹೋಗು ಅಂದದ್ದು ಖರೆ. ಅವನಿಗೆ ಸಾಯಿ ಅಂತ ಅನ್ನಲಿಲ್ಲ ನಾನು."

"ಅವನಿಗೆ ಅನ್ನಲಿಲ್ಲ. ಮೈಲಪ್ಪಗೆ ಅಂದ್ರಿ."

ವಾಮದೇವಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ಕೊಡೆ ತಮ್ಮಂದೇ ಅಂತ ಹೇಳಿ ಸುಮ್ನಾದ್ರಿ. ಇನ್ನೊಂದು ಮಾತು ಹೇಳಿದ್ರೆ ಆ ಬಡವ ಅವತ್ತೇ ಮನೆಗೆ ಹೋಗ್ತಿದ್ದ. ಮೈಲಪ್ಪನ್ನ ಹಿಡಿದಾರೆ ಅಂತ ಹೇಳಿದಾಗ ನಿಮ್ಮ ತಮ್ಮ ಏನು ಕೇಳಿದ್ರು ಗೊತ್ತಾ? ಅಣ್ಣ ಸುಮ್ನಿದ್ನಾ – ಅಷ್ಟೇ. ನಾ ಬದುಕೀನಿ, ಕೊಡೆ ನಾನೇ ಕೊಟ್ಟೆ ಅಂತ ಸ್ವಂತ ಕೈಯಾರೆ ಬರ್ದುಕೊಟ್ಟಾರೆ. ಆದ್ರೆ ಮನೆಗೆ ಬರಾಕೆ ಒಪ್ಪಲಿಲ್ಲ."

ಸರ್ವಮಂಗಳಮ್ಮ ಬಾಗಿಲು ಬಿಟ್ಟು ಪಡಸಾಲೆಗೆ ಬಂದಳು. ಭಾವನವರ ಎದುರು ಅವಳು ತಲೆ ಮೇಲಿನ ಸೆರಗು ಸರಿಮಾಡಿಕೊಳ್ಳದೆ ನಿಂತದ್ದು ಅದೇ ಮೊದಲು.

"ಆರು ತಿಂಗಳು ನಾನೇನು ತಪ್ಪು ಮಾಡಿದೆ ಅಂತ ಹುಡುಕ್ದೆ," ಎಂದಳು. "ನಿಮ್ಮಿಬ್ರಿಗೂ ಗೊತ್ತಿತ್ತು. ನನ್ನ ಒಂದು ಮಾತು ಕೇಳ್ಬೇಕು ಅಂತ ಇಬ್ರಿಗೂ ಅನ್ನಿಸ್ಲಿಲ್ಲ."

"ಸರ್ಕಾರಿ ಡಾಕ್ಟರನ್ನ ಕೇಳಿ ಬಂದೆ ತಾಯಿ," ಎಂದ ಬಕ್ಕೇಶಪ್ಪ. "ಈಗ ಗುಳಿಗೆ ಬಂದಾವಂತೆ. ವರ್ಷಗಟ್ಟಲೆ ನುಂಗ್ಬೇಕು, ಆದ್ರೆ ವಾಸಿ ಆಗ್ತೈತಂತೆ."

ಇದನ್ನು ಕೇಳಿ ವಾಮದೇವಪ್ಪ ಅತ್ತದ್ದನ್ನು ಬಕ್ಕೇಶಪ್ಪ ಬಹಳ ದಿನ ಮರೆಯಲಿಲ್ಲ. ಅಂದು ಗಣಾರಾಧನೆ ನಡೆಯಲಿಲ್ಲ. ಬಳೆ ಕೈಯಲ್ಲೇ ಉಳಿದವು. ವಾರದೊಳಗೆ ಚಿತ್ರದುರ್ಗದ ಸಂಬಂಧ ಮುರಿಯಿತು. ಅಣ್ಣನ ಭಯ ಸುಳ್ಳೇನೂ ಆಗಿರಲಿಲ್ಲ. ನಿಜ ಮುಚ್ಚಿಟ್ಟದ್ದಕ್ಕೆ ಅವರ ಮೇಲೆ ಬೇರೆ ಕೇಸಾಯಿತು.

ಮೈಲಪ್ಪ ಬಿಡುಗಡೆಯಾದ ದಿನವೇ ಸರ್ವಮಂಗಳಮ್ಮ ಹರಿಹರಕ್ಕೆ ಬಂದಳು. ಕೂಸನ್ನು ತಾಯಿ ಗುರುಶಾಂತಮ್ಮನ ಹತ್ತಿರ ಬಿಟ್ಟಿದ್ದಳು. ಬಿಡುವಾಗ ಅದು ಸೆರಗು ಹಿಡಿದು ಅತ್ತಿತ್ತು. ಅವಳ ಕೈಯಲ್ಲಿ ಒಂದು ಬಟ್ಟೆಗಂಟು, ಗಂಟಿನಲ್ಲಿ ಕರಡಿಗೆ, ಗುಳಿಗೆಯ ಸೀಸೆ. ಮಲೆಬೆನ್ನೂರಿನ ಬಸ್ಸಿಗೆ ಹತ್ತಿಸಲು ಬಕ್ಕೇಶಪ್ಪ ಜೊತೆಗೆ ನಿಂತಿದ್ದ.

ಔಟ್‌ಪೋಸ್ಟಿನ ಮೆಟ್ಟಿಲಿಳಿದು ಮೈಲಪ್ಪ ದುರುಗವ್ವನ ಹಿಂದೆ ಕುಂಟುತ್ತಾ ಬಂದ. ಕೈಯಲ್ಲಿ ಪೊಲೀಸರು ಹಿಂದಕ್ಕೆ ಕೊಟ್ಟ ಕೊಡೆ. ಶಿವಮೂರ್ತಪ್ಪನ ಹೆಂಡತಿ ಇವಳೇ ಎಂದು ದಫೇದಾರ ಹೇಳಿದ್ದು ಕೇಳಿ ನಿಂತ. ಹನ್ನೆರಡು ದಿನ ಲಾಕಪ್ಪಿನಲ್ಲಿ ಕೊಳೆತವನು. ಬೈದರೆ ಬೈಸಿಕೊಳ್ಳಲು ಅವಳು ಸಿದ್ಧಳಾಗಿಯೇ ನಿಂತಿದ್ದಳು.

"ಅವ್ವಾ, ಮಳೆ ಐತೆ. ತಗೊಂಡು ಹೋಗ್ರಿ," ಎಂದು ಅವನು ಕೊಡೆ ಚಾಚಿದ. ಆಮೇಲೆ ಏನೋ ತಪ್ಪು ಒಪ್ಪಿಕೊಳ್ಳುವವನ ಹಾಗೆ, "ಹಿಡಿ ತೊಳ್ಕೋ ಅಂದಿದ್ರು ಅವ್ರು. ನಾ ತೊಳೀಲೇ ಇಲ್ರಿ. ಯಾಕ ತೊಳೀಬೇಕು ಅನ್ನಿಸ್ತು," ಎಂದ.

ಆರು ತಿಂಗಳಿಂದ ಗಂಡ ತಾನು ಮುಟ್ಟಿದ ಒಂದು ವಸ್ತುವನ್ನೂ ಅವಳಿಗೆ ಮುಟ್ಟಗೊಟ್ಟಿರಲಿಲ್ಲ. ಬಸ್ಸು ಹಾರ್ನ್ ಹಾಕಿತು. ಸರ್ವಮಂಗಳಮ್ಮ ಕೊಡೆ ತೆಗೆದುಕೊಂಡು, ಅದನ್ನು ಬಿಚ್ಚದೆ, ಹಿಡಿಯನ್ನು ಎರಡೂ ಕೈಯಲ್ಲಿ ಸೆರಗಿನೊಳಗೆ ಮುಚ್ಚಿಕೊಂಡು ಮಳೆಯಲ್ಲೇ ನಡೆದು ಬಸ್ಸು ಹತ್ತಿದಳು.