ಹಸಿರು ಚುಕ್ಕಿಗಳು ಹರಡಿದ ದಿನ

“ಇಲ್ಲ ಮೇಡಂ. ನಿಮ್ಮ ಔಷಧಿ ಇನ್ನೂ ಸೆರೆಯಲ್ಲೇ ಇದೆ.”

ಪ್ರಯೋಗಾಲಯದ ಹೊಸ ಮೈಕ್ರೋಸ್ಕೋಪ್ ಆಪರೇಟರ್ ಅವಳಿಗೆ ಹೇಳಿದ ಮೊದಲ ಮಾತೇ ಇದು! ಪುಣ್ಯಾತ್ಮ, ಮುಖ ನೋಡಿಯಾದರೂ ಹೇಳಬಾರದೇ?

ಮನೆಯವರೆಲ್ಲ ‘ಸಿಡುಕಿ’ ಎಂದೇ ಕರೆಯುವ ಸಂಶೋಧಕಿಗೆ ಮೈಯೆಲ್ಲ ಉರಿಯಿತು. ವೈರಸ್ಸು ಜೀವಕೋಶದೊಳಗೆ ನುಗ್ಗುವ ಜಾಣತನ ನೋಡಿ ಕಲಿತು, ರೋಗ ತರದ ಟೊಳ್ಳು ಕವಚ ಕಟ್ಟಿ, ಅದರಲ್ಲಿ ಹಸಿರು ಹೊಳಪಿನ ಔಷಧಿ ತುಂಬಲು ಅವಳಿಗೆ ಮೂರು ವರ್ಷ ಹಿಡಿದಿತ್ತು. ಈ ತಿಂಗಳೊಳಗೆ ಫಲ ಕಾಣದಿದ್ದರೆ ಯೋಜನೆಗೇ ಬೀಗ!

“ಕಣ್ಣು ಕಾಣಲ್ವಾ? ಹಸಿರು ಹೊಳೀತಿದೆಯಲ್ಲ!”

“ಚುಕ್ಕಿ ಚುಕ್ಕಿಯಾಗಿ ಹೊಳೀತಿದೆ. ಕೋಶ ಅದನ್ನ ನುಂಗಿ ಒಂದು ಚೀಲದಲ್ಲಿ ಇಟ್ಕೊಂಡಿದೆ, ಅಷ್ಟೆ. ಔಷಧಿ ಬಿಡುಗಡೆ ಆಗಿದ್ರೆ ಇಡೀ ಕೋಶ ಹಸಿರಾಗ್ಬೇಕಿತ್ತು.”

ಅವಳು ನೇರವಾಗಿ ಮುಖ್ಯಸ್ಥೆಯ ಕೋಣೆಗೆ ಹೋಗಿ, ಇವನಿಗೆ ಕೆಲಸವೇ ಬರುವುದಿಲ್ಲವೆಂದು ದೂರು ಕೊಟ್ಟಳು. ಮರುದಿನವೇ ಅವನನ್ನು ಕೆಳಗಿನ ಮಹಡಿಯ ಹಳೆಯ ಯಂತ್ರಕ್ಕೆ ಹಾಕಿದರು.

ಮನೆಯಲ್ಲಿ ಅಕ್ಕ ಎಲ್ಲ ಕೇಳಿ ನಕ್ಕಳು. “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಅವನು ಹೇಳಿದ್ದು ನಿಜವೋ ಸುಳ್ಳೋ, ಮೊದ್ಲು ಅದನ್ನ ನೋಡೇ.”

ನೋಡಿದಳು. ಔಷಧಿ ತಾಗಿದ್ದರೆ ಸಾಯಬೇಕಿದ್ದ ರೋಗದ ಕೋಶಗಳು ಆರಾಮಾಗಿ ಬೆಳೆದಿದ್ದವು! ಅವನ ಮಾತೇ ನಿಜ... ಅಯ್ಯೋ, ನಾನೆಂಥ ಕೆಲಸ ಮಾಡಿಬಿಟ್ಟೆ!

ನಿಜವಾದ ವೈರಸ್ಸು ಹೀಗೆ ಸಿಕ್ಕಿಬೀಳುವುದಿಲ್ಲ. ಚೀಲದೊಳಗೆ ಹುಳಿ, ಅಂದರೆ ಆಮ್ಲ, ಏರಿದ ಕೂಡಲೇ ಕವಚ ಬಿಚ್ಚಿ ಹೊರಬೀಳುತ್ತದೆ. ದಾರಿಯಲ್ಲೇ ಒಡೆದೀತೆಂಬ ಭಯಕ್ಕೆ ಅವಳು ಕವಚವನ್ನು ವಿಪರೀತ ಬಿಗಿಯಾಗಿ ಕಟ್ಟಿದ್ದಳು. ಈಗ ಹುಳಿ ತಾಗಿದರೆ ಬಿಚ್ಚಿಕೊಳ್ಳುವಂತೆ ಮತ್ತೆ ಕಟ್ಟಿದಳು. ಹತ್ತೊಂಬತ್ತು ದಿನ ಅವಳಿಗೆ ಊಟ, ನಿದ್ದೆ ಎರಡೂ ಸರಿಯಾಗಿ ಆಗಲಿಲ್ಲ.

ತಿಂಗಳ ಕೊನೆಯ ದಿನ ಬೆಳಿಗ್ಗೆ, ಕೋಶಗಳಿದ್ದ ಗಾಜಿನ ತಟ್ಟೆ ಹಿಡಿದು ಅವಳು ಕೆಳಗಿನ ಮಹಡಿಗೆ ಇಳಿದಳು.

“ತಪ್ಪು ನಂದೇ. ಮುಖ್ಯಸ್ಥೆ ಹತ್ರಾನೂ ಒಪ್ಕೊಂಡು ಬಂದಿದ್ದೀನಿ. ಇದನ್ನ ನೀವೇ ನೋಡಿ ಹೇಳ್ಬೇಕು... ಬೇರೆ ಯಾರು ಹೇಳಿದ್ರೂ ನಾನು ನಂಬಲ್ಲ.”

ಅವನು ಕಣ್ಣಿಟ್ಟ. ಒಂದು ನಿಮಿಷ... ಎರಡು ನಿಮಿಷ...

“ಹೊರಗೆ ಬಂದಿದೆ! ಇಡೀ ಕೋಶ ಹಸಿರು! ಗೆದ್ರಿ ನೀವು!” ಅವನ ಕಣ್ಣಲ್ಲಿ ನೀರು!

ಅವಳು ಕಿರುಚಿದ ರಭಸಕ್ಕೆ ಮಹಡಿಯವರೆಲ್ಲ ಓಡಿಬಂದರು. ಮುಖ್ಯಸ್ಥೆ ತಾವೇ ಬಗ್ಗಿ ನೋಡಿ, “ಬೀಗ ಗೀಗ ಏನೂ ಇಲ್ಲ, ಮುಂದುವರಿಸಮ್ಮಾ!” ಎಂದು ಬೆನ್ನು ತಟ್ಟಿದರು.

ಎಲ್ಲರೂ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು. “ಅವತ್ತು ‘ಚೆನ್ನಾಗಿದೆ’ ಅಂದುಬಿಟ್ಟಿದ್ರೆ ನಿಮಗೆ ಈ ಪಾಡು ಇರ್ತಿರ್ಲಿಲ್ಲ. ಯಾಕೆ ಅನ್ಲಿಲ್ಲ?”

“ಹಾಗಂದಿದ್ರೆ ನೀವು ನಕ್ಕಿರ್ತಿದ್ರಿ. ಕೆಲಸಕ್ಕೆ ಸೇರಿದ ದಿನ ದೂರದಿಂದ ನೋಡಿದ್ದೆ ಆ ನಗು... ಇನ್ನೊಂದ್ಸಲ ನೋಡೋ ಆಸೆ ತುಂಬಾ ಇತ್ತು. ಆದ್ರೂ ನಿಮಗೆ ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ.”

ಇವನನ್ನು ಬಿಟ್ಟರೆ ತನಗೆ ಬೇರೆ ಯಾರೂ ಬೇಡ!

“ಹಾಗಾದ್ರೆ ಇದನ್ನೂ ನಿಜ ಹೇಳಿ. ನನ್ನಂಥ ಸಿಡುಕಿ ಜೊತೆ ಜೀವನ ಪೂರ್ತಿ ಇರೋಕಾಗುತ್ತಾ?”

“ಕಷ್ಟ ಇದೆ ಮೇಡಂ.”

“ಏನು?!”

“ಕಷ್ಟ ಅಂದೆ... ಆಗಲ್ಲ ಅಂದ್ನಾ?” ಎಂದು ಅವನು ಅವಳ ಕೈ ಹಿಡಿದುಕೊಂಡ.

ಅವಳು ಅಳುತ್ತಲೇ ನಕ್ಕುಬಿಟ್ಟಳು.