ಅಜ್ಜಿಯ ಪುಟ್ಟ ಅಕ್ಕ

"ಪುಸ್ಸ್!"

ಕಲ್ಲಿನ ಮೇಲೆ ಕೆಂಪು ಬಣ್ಣದ ಇಂಟು ಗುರುತು ಮೂಡಿತು. ಚೂಟಿ ಸ್ಪ್ರೇ ಡಬ್ಬಿಯನ್ನು ಗಲಗಲ ಅಲ್ಲಾಡಿಸುತ್ತಾ ಮುಂದಿನ ಕಲ್ಲಿಗೆ ಓಡಿದಳು.

"ಅಮ್ಮಾ, ಇದೂ ರೋಡಿಗೆ ಬರುತ್ತಾ?"

"ಹ್ಞೂಂ, ಅದೂ ಬರುತ್ತೆ. ಮೆತ್ತಗೆ ಕಣೇ! ಅರ್ಧ ಬಣ್ಣ ನಿನ್ನ ಫ್ರಾಕ್ ಮೇಲೇ ಇದೆ."

ಚೂಟಿಯ ಅಮ್ಮ ಸರ್ವೇಯರ್. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಯಂತ್ರ ಇಟ್ಟು, ಒಂದು ಕಣ್ಣು ಮುಚ್ಚಿ, ಹೊಸ ರಸ್ತೆ ಎಲ್ಲಿ ಹಾದುಹೋಗಬೇಕೆಂದು ಅಳೆಯುವುದು ಅವಳ ಕೆಲಸ. ಈ ಸಲ ರಸ್ತೆ ನುಗ್ಗಲು ಹೊರಟಿದ್ದು ಊರಿನ ಹಳೇ ಸ್ಮಶಾನದೊಳಗೆ. ಅಲ್ಲಿನ ಕೆಲವು ಸಮಾಧಿ ಕಲ್ಲುಗಳಿಗೆ ಇನ್ನೂರು ವರ್ಷವಂತೆ. ಅಡ್ಡ ಬರುವ ಕಲ್ಲುಗಳಿಗೆಲ್ಲ ಕೆಂಪು ಗುರುತು ಹಾಕಬೇಕು, ಆಮೇಲೆ ಬುಲ್ಡೋಜರ್ ಬಂದು ಎತ್ತಿಬಿಡುತ್ತದೆ. ಶಾಲೆಗೆ ರಜೆ, ಹಾಗಾಗಿ ಬಣ್ಣದ ಕೆಲಸ ಚೂಟಿಯ ಪಾಲಿಗೆ ಬಂದಿತ್ತು. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಪುಸ್ಸ್!"

"ಅಯ್ಯೋ, ಅವಳಿಗೆ ಕೆಂಪು ಅಂದ್ರೆ ಆಗೋದೇ ಇಲ್ಲ ಕಣೇ!"

ಚೂಟಿ ಬೆಚ್ಚಿ ತಿರುಗಿದಳು. ಊರುಗೋಲು ಹಿಡಿದ ಅಜ್ಜಿಯೊಬ್ಬರು ನಿಂತಿದ್ದರು. ಕಂಕುಳಲ್ಲಿ ನೀರಿನ ಬಾಟ್ಲಿ.

"ಯಾರಿಗೆ ಅಜ್ಜೀ?"

"ನಮ್ಮಕ್ಕನಿಗೆ. ಈ ಕಲ್ಲಿನಡಿ ಮಲಗಿರೋಳು ಅವಳೇ. ಕೆಂಪು ರಿಬ್ಬನ್ ಕಟ್ಟೋಕೆ ಹೋದ್ರೆ ಮನೆ ತುಂಬ ಅಮ್ಮನ್ನ ಓಡಿಸೋಳು."

"ತುಂಬಾ ವಯಸ್ಸಾಗಿತ್ತಾ ಅವರಿಗೆ?"

"ಎಲ್ಲಿ ವಯಸ್ಸು? ಒಂಬತ್ತು. ಜ್ವರ ಬಂತು, ಹೋಗ್ಬಿಟ್ಲು. ನನಗೀಗ ಮೊಮ್ಮಕ್ಕಳಿದ್ದಾರೆ, ಅವಳು ಮಾತ್ರ ಒಂಬತ್ತು ದಾಟ್ಲೇ ಇಲ್ಲ. ಆದ್ರೂ ಅಕ್ಕ ಅಕ್ಕನೇ. ನನ್ನ ಬಣ್ಣದ ಬಳಪ ಎಲ್ಲಾ ಬಚ್ಚಿಟ್ಟಿದ್ಲು. ಬಂದಾಗಲೆಲ್ಲ ಅದಕ್ಕೆ ಜಗಳ ಆಡ್ತೀನಿ."

ಚೂಟಿಗೆ ನಗು ಬಂತು. ಬಂದಷ್ಟೇ ಬೇಗ ನಿಂತೂ ಹೋಯಿತು. ಅವಳಿಗೆ ಹತ್ತು ವರ್ಷ. ಅಂದರೆ ಈ ಅಜ್ಜಿಯ ಅಕ್ಕ ತನಗಿಂತ ಚಿಕ್ಕವಳು!

ಕರ್ಚೀಫಿಗೆ ಅಜ್ಜಿಯ ಬಾಟ್ಲಿಯ ನೀರು ಸುರಿದುಕೊಂಡು ಚೂಟಿ ಗಸಗಸ ತಿಕ್ಕಿದಳು. ಬಣ್ಣ ಹೋಗಲಿಲ್ಲ. ಟೊಮೆಟೊ ಜಜ್ಜಿದ ಹಾಗೆ ಕಲ್ಲಿನ ತುಂಬ ಹರಡಿತು.

"ಬಿಡು ಮಗಾ, ಈಗ ಪೂರ್ತಿ ಕೆಂಪಾದ್ಲು," ಎಂದು ಅಜ್ಜಿ ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ಗುರುತು ಹಾಕಿದ್ದನ್ನೆಲ್ಲ ಎಲ್ಲಿಗೆ ತಗೊಂಡ್ಹೋಗ್ತಾರೆ?"

ಚೂಟಿಗೆ ಗೊತ್ತಿರಲಿಲ್ಲ. ಅಮ್ಮನ ಹತ್ತಿರ ಓಡಿದಳು. ಅಮ್ಮನಿಗೂ ಗೊತ್ತಿರಲಿಲ್ಲ.

"ನನಗದು ಹೇಳಿಲ್ಲ ಕಣೇ. ನಾನು ಬರೀ ಅಳೆಯೋಳು."

"ಹಾಗಾದ್ರೆ ಆ ಕಡೆನೂ ಅಳೆ!"

ಚೂಟಿ ತೋರಿಸಿದ್ದು ಸ್ಮಶಾನದ ಬೇಲಿಯಾಚೆ ಮಾಲ್‌ನ ಪಾರ್ಕಿಂಗ್ ಜಾಗವನ್ನು. ಅರ್ಧಕ್ಕರ್ಧ ಖಾಲಿ ಬಿದ್ದಿತ್ತು.

ಅಮ್ಮ ಗದರಲು ಬಾಯಿ ತೆರೆದಳು. ಅಷ್ಟರಲ್ಲಿ ಕಲ್ಲಿನ ಮುಂದೆ ಕೂತು ಬೆರಳು ಆಡಿಸುತ್ತಾ ಏನೋ ಬೈಯುತ್ತಿದ್ದ ಅಜ್ಜಿ ಕಣ್ಣಿಗೆ ಬಿದ್ದರು. ಅಮ್ಮ ಚೀಲದಿಂದ ಟೇಪ್ ತೆಗೆದಳು.

"ಟೇಪ್ ಹಿಡಿ, ಬಾ."

ಇಬ್ಬರೂ ಪಾರ್ಕಿಂಗ್ ಜಾಗವನ್ನೆಲ್ಲ ಅಳೆದರು. ಅಮ್ಮ ದೊಡ್ಡ ಇಂಜಿನಿಯರ್‌ಗೆ ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದಳು. "ಹೌದು ಸಾರ್, ಆ ಮಾಲ್ ಕಾಂಪೌಂಡು ಸ್ವಲ್ಪ ಹಿಂದೆ ಸರಿದ್ರೆ ಸಾಕು, ರಸ್ತೆ ಆ ಕಡೆಯಿಂದ ಹೋಗುತ್ತೆ ಸಾರ್" ಎಂದದ್ದು ಮಾತ್ರ ಚೂಟಿಗೆ ಕೇಳಿಸಿತು.

"ಏನಂದ್ರಮ್ಮಾ?"

"ನೋಡೋಣ ಅಂದ್ರು."

"ನೋಡೋಣ ಅಂದ್ರೆ ಇಲ್ಲ ಅಂತ! ಸೈಕಲ್ ಕೇಳಿದಾಗ ನೀನೂ ಹಾಗೇ ಅಂದಿದ್ದೆ."

"ಇದು ಬೇರೆ ನೋಡೋಣ ಕಣೇ. ಹೊಸ ನಕ್ಷೆ ಮಾಡ್ಕೊಂಡು ಬಾ ಅಂದಿದ್ದಾರೆ. ಅದನ್ನ ನೋಡೋವರೆಗೂ ಬುಲ್ಡೋಜರ್ ಬರಲ್ಲ. ಆಮೇಲೆ ಏನೋ, ನನಗೂ ಗೊತ್ತಿಲ್ಲ."

ಚೂಟಿ ಅಜ್ಜಿಗೆ ಅಷ್ಟನ್ನೇ ಹೇಳಿದಳು, ಒಂದು ಮಾತೂ ಹೆಚ್ಚು ಸೇರಿಸಲಿಲ್ಲ. ಅಜ್ಜಿ ತಲೆಯಾಡಿಸಿ, "ಕೇಳಿಸ್ಕೊಂಡ್ಯೇನೇ?" ಎಂದು ಅಕ್ಕನಿಗೂ ಹೇಳಿದರು.

ಚೂಟಿಯ ಕಣ್ಣು ಪಕ್ಕದ ಕಲ್ಲಿನ ಮೇಲೆ ಬಿತ್ತು. ಪಾಚಿ ಹಿಡಿದು ಹಸಿರಾಗಿತ್ತು. "ಇದು ಯಾರು ಅಜ್ಜೀ?"

"ಗೊತ್ತಿಲ್ಲ ಮಗಾ. ತುಂಬಾ ಹಳಬರು. ಅವರನ್ನ ನೋಡೋಕೆ ಬರೋರು ಯಾರೂ ಉಳಿದಿಲ್ಲ."

ಚೂಟಿ ಮಂಡಿಯೂರಿ ಕೂತಳು. ಉಗುರಿನಿಂದ ಪಾಚಿ ಕೆರೆದು, ಸವೆದ ಹೆಸರನ್ನು ಬೆರಳಲ್ಲಿ ತಡವುತ್ತಾ ಅಕ್ಷರ ಅಕ್ಷರವಾಗಿ ಜೋರಾಗಿ ಓದತೊಡಗಿದಳು.

"ಬಾರೇ, ಹೊತ್ತಾಯ್ತು!" ಅಮ್ಮ ಕೂಗಿದಳು.

"ಇರಮ್ಮಾ, ಇವರದು ಇನ್ನೊಂದಕ್ಷರ ಇದೆ."