ಕಾರ್ವೆಲ್ ಮನೆತನದ ಕೊನೆಯ ಹೆಸರು

1950ರ ಮಾರ್ಚ್ 14, ಬೆಳಿಗ್ಗೆ ಹತ್ತೂಕಾಲು. ಸುರಪುರ ಠಾಣೆಗೆ ಬಂದ ಕಾರ್ವೆಲ್ ಸಾಹೇಬರ ದೂರು ಇನ್ಸ್‌ಪೆಕ್ಟರ್ ವಹಾಬರ ತಲೆ ಕೆಡಿಸಿತು. ನಿಜಾಮರ ಕಾಲದಲ್ಲಿ ಕೆರೆ ಕಟ್ಟಿಸಿದ ಈ ಎಂಜಿನಿಯರ್ ಶುಕ್ರವಾರ ಇಂಗ್ಲೆಂಡಿಗೆ ಹೊರಡುವವರಿದ್ದರು. ಕಳುವಾದದ್ದು ಒಂದು ತೊಗಲಿನ ಸುರುಳಿ. ಸುಮಾರು ಒಂಬೈನೂರು ವರ್ಷದ ಹಿಂದೆ ನಾರ್ಮಂಡಿಯಿಂದ ಹೋಗಿ ಇಂಗ್ಲೆಂಡ್ ಗೆದ್ದ ದಂಡಿನ ಒಬ್ಬ ಸರದಾರನಿಂದ ಹಿಡಿದು ಈ ಸಾಹೇಬರವರೆಗೆ, ಇಪ್ಪತ್ತಾರು ತಲೆಮಾರಿನ ಹೆಸರು ಅದರಲ್ಲಿತ್ತಂತೆ.

"ಜಾಗೀರಿನ ಕಾಗದೇನ್ರಿ?"

"ಅಲ್ಲ. ಬರೀ ಹೆಸರು."

"ಬರೀ ಹೆಸರು ಯಾರು ಕದೀತಾರ್ರಿ?"

ಗೊತ್ತಿಲ್ಲ ಎಂದರು ಸಾಹೇಬರು. ಎಫ್‌ಐಆರ್‌ನಲ್ಲಿ ಮಾಲಿನ ಬೆಲೆ ಎಂಬಲ್ಲಿ ವಹಾಬರು "ತಿಳಿಯದು" ಎಂದು ಬರೆದರು.

ಹನ್ನೊಂದೂವರೆಗೆ ಬಂಗಲೆಯಲ್ಲಿ ಸ್ಥಳ ಪಂಚನಾಮೆ. ಸುರುಳಿ ಇಟ್ಟಿದ್ದ ಪೆಟ್ಟಿಗೆಗೆ ಬೀಗವೇ ಇರಲಿಲ್ಲ. ಬೆಳ್ಳಿ ಬಟ್ಟಲು ಅಲ್ಲೇ ಇದ್ದವು. ಬೆಳ್ಳಿ ಬಿಟ್ಟು ತೊಗಲು ಒಯ್ಯುವ ಕಳ್ಳನನ್ನು ವಹಾಬರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಅಡುಗೆಯ ಭೀಮಮ್ಮನನ್ನು ಕರೆಸಿದರು.

"ನಿನ್ನೆ ಯಾರು ಬಂದಿದ್ರು?"

"ಹೆಳವರ ಪಂಪಣ್ಣ. ಜೋಳ ನೀಡಿ ಕಳಿಸೀನ್ರಿ."

ಎತ್ತಿನ ಮೇಲೆ ಊರೂರು ತಿರುಗಿ, ಮನೆತನಗಳ ವಂಶಾವಳಿ ಹೇಳಿ ಕಾಳು ಪಡೆಯುವ ಹೆಳವನಿಗೆ ಇಂಗ್ಲಿಷರ ಬಂಗಲೆಯಲ್ಲೇನು ಕೆಲಸ? ಜಮಾದಾರ ಹಣಮಂತ್ರಾಯ ಮೆಲ್ಲಗೆ ಹೇಳಿದ: "ತಾ ವಂಶ ಹೇಳೋ ಮನಿ ಬಿಟ್ಟು ಹೆಳವ ಬ್ಯಾರೆ ಮನಿ ಕಟ್ಟಿ ಹತ್ತಂಗಿಲ್ರಿ."

ಗೊಂದಲ ಇನ್ನೂ ಹೆಚ್ಚಾಯಿತು.

ಮರುದಿನ ಮಧ್ಯಾಹ್ನ ಎರಡಕ್ಕೆ ಪಂಪಣ್ಣ ದೋರನಹಳ್ಳಿಯಲ್ಲಿ ಸಿಕ್ಕ. ಓಡಲಿಲ್ಲ. ಸುರುಳಿಯನ್ನು ತಾನೇ ಬಿಚ್ಚಿ ತೋರಿಸಿದ. ಸಾಹೇಬರ ಹೆಸರಿನ ಕೆಳಗೆ ಹೊಸ ಮಸಿಯಲ್ಲಿ, ಕನ್ನಡದಲ್ಲಿ ಬರೆದಿತ್ತು: ಮಗಳು ಹಣಮಮ್ಮ.

"ಯಾರಿಕಿ?"

"ಭೀಮಮ್ಮಗ ಸಾಹೇಬರಿಂದ ಹುಟ್ಟಿದಾಕಿರಿ. ಮದಿವಿ ಮಾತು ನಡದದ. ಗಂಡಿನವ್ರು ವಂಶ ಹೇಳು ಅಂತ ನನ್ನ ಕರಿಸ್ಯಾರ. ಅಪ್ಪನ ಹೆಸರಿಲ್ಲದೆ ಏನ್ ಹೇಳ್ಲಿ? ಇದರಾಗ ಬರೀರಿ ಅಂತ ಸಾಹೇಬರ ಕಾಲಿಗೆ ಬಿದ್ದೆ. ಬರೀಲಿಲ್ಲ. ಶುಕ್ರವಾರ ಅವ್ರು ಹೋದ್ರ ಮುಗೀತು. ಅದಕ್ಕ ನಾನೇ ಒಯ್ದು ಬರದೆ."

"ಇದು ಕಳವು ಅಲ್ಲೇನೊ?"

"ಕಳವೇರಿ. ಹುಟ್ಟಿದ ಕೂಸಿನ ಹೆಸರು ಬಿಡೋದು ಏನ್ರಿ?"

ವಹಾಬರು ಸುರುಳಿ ಸುತ್ತಿಸಿ ಅವನನ್ನು ಠಾಣೆಗೆ ಕರೆತಂದರು. ನಾಲ್ಕಕ್ಕೆ ಬಂಧನ ದಾಖಲಾಯಿತು.

ಠಾಣೆಯಲ್ಲಿ ಸುರುಳಿ ನೋಡಿದ ಸಾಹೇಬರ ಮುಖ ಕೆಂಪಾಯಿತು. "ಆ ಹೆಸರು ಕೆರೆದು ಕೊಡಿ."

"ಕೇಸಿನ ಮುದ್ದೆಮಾಲು, ಕೋರ್ಟಿಗೆ ಹೋಗೋ ಸಾಕ್ಷಿ, ಮುಟ್ಟಂಗಿಲ್ರಿ. ಸುರುಳಿ ಇದ್ದಂಗ ನಿಮ್ಮದಾದ್ರ ಪಂಚನಾಮೆಗೆ ಸಹಿ ಮಾಡ್ರಿ. ಅಲ್ಲ ಅಂದ್ರ ಅಲ್ಲ ಅಂತ ಬರಕೋತೀನಿ."

ವಹಾಬರು ಜಪ್ತಿ ಪಂಚನಾಮೆಯನ್ನು ಗಟ್ಟಿಯಾಗಿ ಓದಿದರು. ಇಪ್ಪತ್ತೇಳೂ ಹೆಸರು, ಒಂದೂ ಬಿಡದೆ. ಸುದ್ದಿ ಕೇಳಿ ಬಂದ ಭೀಮಮ್ಮ ಬಾಗಿಲಲ್ಲಿ ನಿಂತಿದ್ದಳು. ಸಾಹೇಬರು ಪೆನ್ನು ಹಿಡಿದರು. ಒಂಬೈನೂರು ವರ್ಷವನ್ನು ತಮ್ಮದಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಇಪ್ಪತ್ತೇಳನೆಯ ಹೆಸರಿನ ಕೆಳಗೆ ಸಹಿ ಹಾಕಿದರು.

ಭೀಮಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಕೇಸ್ ಡೈರಿಯಲ್ಲಿ ಕಳವಿನ ಉದ್ದೇಶ ಎಂಬಲ್ಲಿ ವಹಾಬರು ಬರೆದರು: "ಬಿಟ್ಟುಹೋದ ಹೆಸರು ಸೇರಿಸುವುದು."